ಹಲಸೂರು ಕೆರೆಯ ಗರಡಿ ಮತ್ತು ಜಯಮ್ಮನ ಆರು ಮರಿಗಳು

ಕಳೆದ ತಿಂಗಳು ಹಲಸೂರು ಕೆರೆಯ ಪಕ್ಕದಲ್ಲಿ ನಾನಿದ್ದ ಆಟೋ ಕೆಟ್ಟು ನಿಂತಿತು. ಸಣ್ಣಗೆ ಮಳೆ. ಡ್ರೈವರ್ ಇಳಿದು ಹಿಂದೆ ಹೋಗಿ ಎಂಜಿನ್ ಮೇಲೆ ಬಗ್ಗಿದ. ನಾನು ಸೀಟಿನ ತುದಿಗೆ ಸರಿದು ಮುಖ ಹೊರಗೆ ಹಾಕಿದೆ. ಕೆರೆಯ ಪಾಚಿಯ ಹಸಿ ವಾಸನೆ, ಅದರ ಜೊತೆಗೇ ತಳ್ಳುಗಾಡಿಯ ಕೆಂಡದ ಮೇಲೆ ಸುಡುತ್ತಿದ್ದ ಜೋಳದ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಂದಿದ್ದೇ ತಡ, ನನ್ನ ಬಲಗೈ ತೋರುಬೆರಳು ತಾನಾಗಿಯೇ ತೊಡೆಯ ಮೇಲೆ ಟಕಟಕ ಬಡಿಯತೊಡಗಿತು. ನನಗೇ ನಗು ಬಂತು. ಒಂದಾನೊಂದು ಮಳೆಗಾಲದಲ್ಲಿ ಈ ದಂಡೆಯ ಮೇಲೆ ನಿಂತು ಫೋನಿನ ಗಾಜನ್ನು ಬೆರಳಿನಿಂದ ಬಡಿದಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ಆಗ ನನಗೆ ಇಪ್ಪತ್ತೆಂಟು. ಗದಗದಿಂದ ಬಂದು ದೊಡ್ಡನೆಕ್ಕುಂದಿಯ ಒಂದು ಪಂಪ್ ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಸೇರಿ ವರ್ಷವಾಗಿತ್ತು. ಇಡೀ ದಿನ ಬೇರಿಂಗು, ಸೀಲು, ತಾಮ್ರದ ತಂತಿ ಎಂದು ಫೋನಿನಲ್ಲಿ ಕೂಗಾಡಿ, ಸಂಜೆ ಕಾರ್ಖಾನೆಯ ಬಸ್ಸಿನಲ್ಲಿ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕು ದಾಟಿ ಹಲಸೂರಿನಲ್ಲಿ ಇಳಿಯುವಾಗ ಯಾರ ಮಾತೂ ಬೇಡವಾಗಿರುತ್ತಿತ್ತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ, ಮಾತಾಡಲು ಒಬ್ಬರೂ ಇಲ್ಲವಲ್ಲ ಎನ್ನಿಸುತ್ತಿತ್ತು. ಆ ಬಸ್ಸಿನಲ್ಲೇ ಪಕ್ಕದ ಸೀಟಿನವಳು ನನ್ನ ಫೋನಿಗೆ ಆ ಆಟ ಹಾಕಿಕೊಟ್ಟಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ಫೋನು ಹಿಡಿದು ಬೀದಿಯಲ್ಲಿ ನಡೆದರೆ ಪರದೆಯ ಮೇಲೆ ವಿಚಿತ್ರ ಪ್ರಾಣಿಗಳು ಕಾಣಿಸುತ್ತವೆ. ಅವನ್ನು ಹಿಡಿದು ಸಾಕಬೇಕು. ಆಡುವವರು ಕೆಂಪು, ನೀಲಿ, ಹಳದಿ ಎಂದು ಮೂರು ಬಣ್ಣದ ಕಡೆಯವರು. ಊರಿನ ಗುರುತಿನ ಜಾಗಗಳು, ಅಂದರೆ ಗುಡಿಯ ಗೋಪುರ, ಪ್ರತಿಮೆ, ಉದ್ಯಾನದ ಗೇಟು ಇಂಥವು, ಆಟದಲ್ಲಿ ಜಿಮ್‌ಗಳಾಗಿರುತ್ತವೆ. ನಾವು ಗರಡಿ ಎನ್ನುತ್ತಿದ್ದೆವು. ಗರಡಿ ಯಾವ ಬಣ್ಣದವರ ಕೈಯಲ್ಲಿದೆಯೋ ಅವರ ಪ್ರಾಣಿಗಳು ಅಲ್ಲಿ ಒಂದರ ಮೇಲೊಂದು ಕಾವಲು ನಿಂತಿರುತ್ತವೆ. ಬೇರೆ ಬಣ್ಣದವರು ಬಂದು ಹೊಡೆದು ಬೀಳಿಸಬಹುದು. ಬೀಳದಂತೆ ಗರಡಿಯ ಕಸುವು ಹೆಚ್ಚಿಸಬೇಕಾದರೆ ನಮ್ಮವರೇ ನಮ್ಮ ಕಾವಲಿನವರ ಜೊತೆ ತಾಲೀಮು ಮಾಡಬೇಕು. ಆರು ಪ್ರಾಣಿಗಳನ್ನು ಆರಿಸಿಕೊಂಡು ಹೋಗಿ, ಕಾವಲಿನವರೊಂದಿಗೆ ಒಬ್ಬೊಬ್ಬರಾಗಿ ಸೆಣಸಬೇಕು. ಕಸುವು ಏರಿದ ಹಾಗೆಲ್ಲ ಗರಡಿಗೆ ಒಂದೊಂದೇ ಅಂತಸ್ತು ಏರುತ್ತದೆ, ಇನ್ನೊಬ್ಬ ಕಾವಲಿಗೆ ಜಾಗವಾಗುತ್ತದೆ. ಹತ್ತನೆಯ ಅಂತಸ್ತೇ ಕೊನೆ.

ಆ ವರ್ಷ ಹಲಸೂರು ಕೆರೆಯ ದೋಣಿಕಟ್ಟೆ ಗೇಟಿನ ಗರಡಿ ಕೆಂಪು ಬಣ್ಣದ ನಮ್ಮದಾಗಿತ್ತು. ನಮ್ಮದು ಎಂದರೆ ಮುಖ್ಯವಾಗಿ ನನ್ನದು ಮತ್ತು ಇಮ್ತಿಯಾಜ್ ಭಾಯಿಯದು. ಭಾಯಿಗೆ ನಲವತ್ತು ದಾಟಿತ್ತು. ರಸೆಲ್ ಮಾರುಕಟ್ಟೆಯಲ್ಲಿ ಹೂವಿನ ಅಂಗಡಿ. ವ್ಯಾಪಾರ ಮುಗಿಸಿ, ಅಂಗಿಯ ತುಂಬ ಸುಗಂಧರಾಜದ ವಾಸನೆ ಹೊತ್ತು, ಶಿವಾಜಿನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ಒಂದು ಸಂಜೆ ಮಳೆಗೆ ಒಂದೇ ಮರದಡಿ ನಿಂತಾಗ ಪರಿಚಯವಾಗಿತ್ತು. "ನೀವೂ ಕೆಂಪಾ ಮೇಡಂ? ಅಲ್ಲಾ, ನಾನೊಬ್ಬನೇ ಹುಚ್ಚ ಅಂದ್ಕೊಂಡಿದ್ದೆ," ಎಂದಿದ್ದರು.

ನಮಗೊಬ್ಬ ಪಿಡುಗು ಇದ್ದ. ಹಳದಿ ಬಣ್ಣದವನು, ಆಟದಲ್ಲಿ ಅವನ ಹೆಸರು ಮಂಡಿರಾಜ. ನಾವು ವಾರವಿಡೀ ಬೆವರು ಸುರಿಸಿ ಗರಡಿಯನ್ನು ಆರನೆಯ, ಏಳನೆಯ ಅಂತಸ್ತಿಗೆ ಏರಿಸಿದರೆ, ಬೆಳಗಾಗುವಷ್ಟರಲ್ಲಿ ಅವನು ಬಂದು ಪೂರ್ತಿ ನೆಲಸಮ ಮಾಡಿ ಹೋಗಿರುತ್ತಿದ್ದ. ಮಂಡಿ ಎಂದ ಮೇಲೆ ಯಾವನೋ ತರಕಾರಿ ಮಂಡಿಯ ವ್ಯಾಪಾರಿಯೇ ಇರಬೇಕೆಂದು ಭಾಯಿಗೆ ಖಾತ್ರಿಯಾಗಿತ್ತು. ಮಾರುಕಟ್ಟೆಯಲ್ಲಿ ಈರುಳ್ಳಿ ಮಂಡಿ, ಆಲೂಗಡ್ಡೆ ಮಂಡಿ ಎಲ್ಲ ಕಡೆ ಹೋಗಿ, ಫೋನು ಹಿಡಿದು ಕೂತವರ ಬೆನ್ನ ಹಿಂದೆ ನಿಂತು ಇಣುಕಿ ಬಂದಿದ್ದರು. "ಒಬ್ಬನೂ ಸಿಗ್ಲಿಲ್ಲ ಮೇಡಂ. ಎಲ್ಲಾ ರಮ್ಮಿ ಆಡ್ತಾವ್ರೆ."

ನಾನಿದ್ದ ಮನೆ ಸೋಮೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ. ಕೆಳಗೆ ಟೈಲರ್ ಅಂಗಡಿ, ಮೊದಲ ಮಹಡಿಯಲ್ಲಿ ಮನೆಯ ಯಜಮಾನಿ ಜಯಮ್ಮ, ಅವರ ಮಗ ರಮೇಶ್, ಸೊಸೆ. ಅದರ ಮೇಲೆ ನನ್ನ ಕೋಣೆ. ಜಯಮ್ಮನಿಗೆ ಅರವತ್ತೆಂಟು. ಹಲಸೂರಿನ ಹಳೆಯ ಒಕ್ಕಲು ಮನೆತನ. ಒಂದು ಕಾಲಕ್ಕೆ ಕೆರೆಯಾಚೆ ಅವರ ಸೊಪ್ಪಿನ ತೋಟವಿತ್ತಂತೆ. ಆ ಬೇಸಿಗೆಯಲ್ಲಿ ಅವರ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಗುಣವಾಗುತ್ತಿರುವಾಗಲೇ ಒಮ್ಮೆ ಮೆಟ್ಟಿಲಲ್ಲಿ ಕಾಲು ಜಾರಿತು. ದೊಡ್ಡ ಪೆಟ್ಟೇನೂ ಆಗಲಿಲ್ಲ, ಆದರೆ ಹೆದರಿಕೆ ಮೈಯೊಳಗೆ ಕೂತುಬಿಟ್ಟಿತು. ಅಂದಿನಿಂದ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ವಾರಕ್ಕೆರಡು ಬೆಳಗ್ಗೆ ಫಿಸಿಯೋಥೆರಪಿಯವನು ಬಂದು ವ್ಯಾಯಾಮ ಹೇಳಿಕೊಟ್ಟು ಹೋಗುತ್ತಿದ್ದ. ನಾನು ಆ ಹೊತ್ತಿಗೆ ಕಾರ್ಖಾನೆಯಲ್ಲಿ ಇರುತ್ತಿದ್ದೆನಾದ್ದರಿಂದ ಅವನನ್ನು ನೋಡಿರಲಿಲ್ಲ. "ದಿನಾ ಮಾಡ್ತಿದೀರಾ?" ಎಂದು ಅವನು ಕೇಳಿದರೆ, "ಊಂ ಕಣಪ್ಪಾ, ಮಾಡ್ದೆ" ಎಂದು ಇವರು ಸುಳ್ಳು ಹೇಳುತ್ತಿದ್ದರಂತೆ. ಮಳೆಗಾಲ ಮುಗಿಯುವುದರೊಳಗೆ ಮಂಡಿ ಸರಿಯಾಗಿ ಬಗ್ಗದಿದ್ದರೆ ಆಮೇಲೆ ಬಗ್ಗುವುದು ಕಷ್ಟ ಎಂದು ಅವನು ರಮೇಶನಿಗೆ ಎಚ್ಚರಿಕೆ ಕೊಟ್ಟಿದ್ದ.

ಒಂದು ಸಂಜೆ ನಾನು ತೊಯ್ದು ತೊಪ್ಪೆಯಾಗಿ ಮೆಟ್ಟಿಲು ಹತ್ತುವಾಗ ತೆರೆದ ಬಾಗಿಲಿನಿಂದ ಕೂಗು ಬಂತು.

"ಏ ಸವಿತಾ, ಬಾ ಇಲ್ಲಿ. ದಿನಾ ಮಳೇಲಿ ಎಲ್ಲಿಗೆ ಹೋಗ್ತೀಯ ನೀನು? ಹುಡುಗ ಯಾರು?"

"ಹುಡುಗ ಯಾರೂ ಇಲ್ಲರೀ ಅಮ್ಮಾರ. ಆಟ ಆಡಾಕ ಹೋಗ್ತೀನ್ರೀ."

ನಂಬಲಿಲ್ಲ. ಫೋನು ತೆಗೆದು ತೋರಿಸಿದೆ. ಕ್ಯಾಮೆರಾ ತಿರುಗಿಸಿದಾಗ ಅವರ ಕುರ್ಚಿಯ ಕೈ ಮೇಲೆಯೇ ಒಂದು ಸಣ್ಣ ಉಬ್ಬುಹಲ್ಲಿನ ಇಲಿ ಕೂತಂತೆ ಕಂಡಿತು. ಜಯಮ್ಮ ಕೈ ಕೊಡವಿದರು, ಫೋನು ನೋಡಿದರು, ಮತ್ತೆ ಕೈ ನೋಡಿಕೊಂಡರು. ಆಮೇಲೆ ಶುರುವಾಯಿತು ನೋಡಿ ನಗು, ಅಡುಗೆಮನೆಯಿಂದ ಸೊಸೆ ಓಡಿಬರುವಂಥ ನಗು. "ನಂಗೂ ಹಾಕ್ಕೊಡು ಇದನ್ನ," ಎಂದರು.

ಹಾಕಿಕೊಟ್ಟೆ. ನನ್ನದೇ ಬಣ್ಣ ಆರಿಸಿಕೊಂಡರು. ಕುರ್ಚಿಯಲ್ಲಿ ಕೂತವರಿಗೆ ಸಿಗುವುದು ಕಿಟಕಿಯ ಆಸುಪಾಸಿಗೆ ಬರುವ ಪುಟ್ಟ ಪ್ರಾಣಿಗಳು ಮಾತ್ರ. ಆ ಇಲಿ, ಒಂದು ಗುಬ್ಬಿ, ಒಂದು ಹಸಿರು ಹುಳ, ತಲೆಯ ಮೇಲೆ ಮೊಗ್ಗಿದ್ದ ಒಂದು ಗಿಡದಂಥದ್ದು. ಮಳೆ ಬಿದ್ದ ದಿನ ಒಂದು ಮೀನು. ಹತ್ತು ದಿನ ಕಾದ ಮೇಲೆ ಒಂದು ಬಂಡೆಮರಿ. ಆಟದಲ್ಲಿ ಪ್ರತಿ ಪ್ರಾಣಿಗೂ ಅದರ ಬಲ ತೋರಿಸುವ ಒಂದು ಅಂಕಿ ಇರುತ್ತದೆ. ಜಯಮ್ಮ ಅದಕ್ಕೆ ತೂಕ ಎನ್ನುತ್ತಿದ್ದರು. ಅವರ ಆರೂ ಮರಿಗಳ ತೂಕ ಕೂಡಿಸಿದರೂ ನನ್ನ ಒಂದು ಪ್ರಾಣಿಗೆ ಸಮ ಬರುತ್ತಿರಲಿಲ್ಲ.

ಆದರೆ ಆಟದ ಸೂಕ್ಷ್ಮ ಅವರಿಗೆ ನನಗಿಂತ ಬೇಗ ಹತ್ತಿತು. ನಾನು ಕೆರೆಯ ಹತ್ತಿರದಿಂದ ಫೋನು ಮಾಡಿ ಗೋಳು ಹೇಳಿಕೊಂಡ ದಿನ ನೆನಪಿದೆ. ಇಡೀ ಗಂಟೆ ತಾಲೀಮು ಮಾಡಿದ್ದೆ, ಗರಡಿ ಒಂದಿಷ್ಟೂ ಏರಿರಲಿಲ್ಲ.

"ಯಾರ್ನ ಕಳಿಸ್ತಿದೀಯ?" ಎಂದರು.

"ಎಲ್ಲಾರಕಿಂತ ಗಟ್ಟಿ ಇದ್ದವ್ರನ್ನರೀ. ಎಲ್ಲಾದ್ರಾಗೂ ಗೆದ್ದೀನ್ರೀ."

"ಅದಕ್ಕೇ ಏರ್ತಿಲ್ಲ. ದೊಡ್ಡೋನು ಚಿಕ್ಕೋನ್ನ ಹೊಡೆದ್ರೆ ಅದೇನು ತಾಲೀಮಾ? ಚಿಕ್ಕೋನು ದೊಡ್ಡೋನ್ನ ಕೆಡವಿದ್ರೆ ತಾನೇ ಗರಡಿಗೆ ಕಸುವು ಬರೋದು? ಮೊದಲ ಕಾವಲು ಯಾರದು?"

"ಬೆಂಕಿ ಉಗುಳು ನರಿರೀ."

"ಹಂಗಾದ್ರೆ ನಿನ್ನ ಹತ್ರ ಇರೋದ್ರಲ್ಲಿ ಸಣ್ಣ ನೀರಿನ ಪ್ರಾಣಿ ಯಾವ್ದು ಹೇಳು. ಗೆಲ್ಲೋಕೆ ಎಷ್ಟು ಬೇಕೋ ಅಷ್ಟೇ ಇರೋನ್ನ ಕಳ್ಸು. ಜಾಸ್ತಿ ಕಳಿಸ್ಬೇಡ."

ಅವರು ಹೇಳಿದಂತೆ ಸಣ್ಣದನ್ನು ಕಳಿಸಿದೆ. ಅದು ಏದುಸಿರು ಬಿಡುತ್ತ ಗೆದ್ದಿತು, ಗರಡಿಯ ಕಸುವು ಸರ್ರನೆ ಮೇಲೇರಿತು. ಮದುವೆಯಾಗಿ ಬಂದ ಹೊಸದರಲ್ಲಿ, ತೋಟದ ಹದಿನಾಲ್ಕು ಆಳುಗಳಲ್ಲಿ ಯಾರು ಯಾವ ಪಾತಿಗೆ ಎಂದು ದಿನಾ ಬೆಳಗ್ಗೆ ಹಂಚುವುದು ತಮ್ಮ ಕೆಲಸವಾಗಿತ್ತು ಎಂದು ಆಮೇಲೆ ಹೇಳಿದರು. "ಮೆಂತ್ಯ ಕೀಳೋಕೆ ಗಟ್ಟಿ ಗಂಡಸ್ನ ಹಾಕಿದ್ರೆ ಬೇರಿಗಿಂತ ಜಾಸ್ತಿ ಮಣ್ಣು ಕಿತ್ತು ತರ್ತಾನೆ," ಎಂದರು. ಅಷ್ಟೇ ವಿವರಣೆ.

ಅಲ್ಲಿಂದ ದಿನವೂ ಸಂಜೆ ನಾನು ದಂಡೆಯಲ್ಲಿ, ಅವರು ಕುರ್ಚಿಯಲ್ಲಿ. ಫೋನು ಸ್ಪೀಕರಿನಲ್ಲಿ ಹಾಕಿ, ಇಮ್ತಿಯಾಜ್ ಭಾಯಿ ಕೊಡೆ ಹಿಡಿದು, ಕಾವಲಿನವರ ಪಟ್ಟಿ ಓದುತ್ತಿದ್ದರು. ಜಯಮ್ಮ ಯೋಚಿಸಿ ಆರು ಹೆಸರು ಹೇಳುತ್ತಿದ್ದರು. ಭಾಯಿ ಅವರನ್ನು ಗರಡಿಯ ಗುರು ಎಂಬಂತೆ ಉಸ್ತಾದಮ್ಮ ಎಂದು ಕರೆಯಲು ಶುರುಮಾಡಿದರು.

ಆದರೆ ಆಡುತ್ತ ಆಡುತ್ತ ನಮ್ಮ ಪ್ರಾಣಿಗಳೆಲ್ಲ ಬೆಳೆದುಬಿಟ್ಟವು. ಸಣ್ಣವು ಬೇಕೆಂದರೆ ನಮ್ಮ ಹತ್ತಿರ ಇರಲಿಲ್ಲ. ಇದ್ದದ್ದು ಜಯಮ್ಮನ ಫೋನಿನಲ್ಲಿ ಮಾತ್ರ, ಮತ್ತು ಆ ಫೋನು ಗರಡಿಯ ಹತ್ತಿರವೇ ಇರಬೇಕು. ಎರಡು ದಿನ ಫೋನು ಕೊಟ್ಟು ಕಳಿಸಿದರು. ಮೊದಲ ದಿನ ಗುಬ್ಬಿ ಸೋತು ಮೂರ್ಛೆ ಬಿತ್ತು. ಎರಡನೆಯ ದಿನ ಬಂಡೆಮರಿ, ಹುಳ ಎರಡೂ. ಫೋನು ಹಿಂದಿರುಗಿಸಿದಾಗ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ನೋಡಿದರು.

"ಬಂಡೆಮರೀನ ನೀರಿಗೆ ಎದುರಾಗಿ ಬಿಟ್ಟಿದೀಯಲ್ಲೇ! ಯಾರಾದ್ರೂ ಬಿಡ್ತಾರಾ? ಔಷಧಿ ಹಾಕು ಮೊದಲು." ಮೂರಕ್ಕೂ ಔಷಧಿ ಹಾಕಿಸಿದರು. ಆಮೇಲೆ ಫೋನನ್ನು ಸೆರಗಿನಡಿ ಇಟ್ಟುಕೊಂಡು ಹೇಳಿದರು: "ನಾಳೆಯಿಂದ ಫೋನು ಒಂದೇ ಬರಲ್ಲ. ಬಂದ್ರೆ ನಾನೂ ಬರ್ತೀನಿ."

ನಾನು ತಮಾಷೆ ಎಂದುಕೊಂಡೆ. ಮರುದಿನ ಸಂಜೆ ಬಂದಾಗ ಸೀರೆ ಬದಲಿಸಿ, ತಲೆ ಬಾಚಿ, ಕೋಲು ಹಿಡಿದು ಮೆಟ್ಟಿಲ ತುದಿಯಲ್ಲಿ ನಿಂತಿದ್ದರು. ಹದಿನೆಂಟು ಮೆಟ್ಟಿಲು. ಒಂದು ಕೈ ಕಂಬಿಯ ಮೇಲೆ, ಒಂದು ನನ್ನ ಭುಜದ ಮೇಲೆ. ಆ ಭುಜದಲ್ಲಿ ಅವರ ಬೆರಳಿನ ಗುರುತು ಎರಡು ದಿನ ಇತ್ತು. ಏಳನೆಯ ಮೆಟ್ಟಿಲಲ್ಲಿ ನಿಂತು, "ಇಲ್ಲೇ ಜಾರಿದ್ದು," ಎಂದರು. ನಾನು ಹಿಂದಿರುಗೋಣವೇ ಎಂದೆ. ಅವರು ಕೋಲನ್ನು ಎಂಟನೆಯದರ ಮೇಲೆ ಇಟ್ಟರು.

ಅಂದು ಟೈಲರ್ ಅಂಗಡಿಯವರೆಗೆ ಮಾತ್ರ. ಮಾರನೆಯ ದಿನ ಗಲ್ಲಿಯ ತಿರುವು. ಮೂರನೆಯ ದಿನ ತಿರುವಿನಾಚೆಯ ಬೇಕರಿ. ಅಲ್ಲಿ ಒಂದು ದಿಲ್‌ಪಸಂದ್ ತಿಂದು ಹಿಂದಿರುಗಿದೆವು. ಒಂದು ವಾರ ಹೀಗೆ ಸಾಗಿತು. ಎಂಟನೆಯ ದಿನ ಹಿಂದಿರುಗುವಾಗ ಮಳೆ ಹಿಡಿದು, ತೊಯ್ದ ಅಮ್ಮನನ್ನು ರಮೇಶ್ ಬಾಗಿಲಲ್ಲೇ ನೋಡಿದರು.

ಮಾರನೆಯ ಬೆಳಗ್ಗೆ ರಮೇಶ್ ನನ್ನ ಕೋಣೆಗೆ ಬಂದರು. ಕೂರಲಿಲ್ಲ. "ನೋಡು ಸವಿತಾ, ನೀನು ಒಳ್ಳೆ ಹುಡುಗಿ, ನಂಗೊತ್ತು. ಆದ್ರೆ ಅಮ್ಮ ಇನ್ನೊಂದ್ಸಲ ಬಿದ್ರೆ ಮತ್ತೆ ಏಳಲ್ಲ. ಈ ಆಟ ಗೀಟ ನಿಲ್ಸಿಬಿಡು. ಆಗಲ್ಲ ಅಂದ್ರೆ ಬೇರೆ ಮನೆ ನೋಡ್ಕೋ ಅಂತ ಹೇಳ್ಬೇಕಾಗತ್ತೆ." ಸಿಟ್ಟಿನಿಂದ ಹೇಳಿದ್ದರೆ ವಾದ ಮಾಡಬಹುದಿತ್ತು. ಅವರ ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು ಇತ್ತು.

ನಾನು ಒಪ್ಪಿಕೊಂಡೆ. ಸಂಜೆ ಬಂದರೆ ಮೊದಲ ಮಹಡಿಯನ್ನು ಸದ್ದಾಗದಂತೆ ದಾಟಿ ಮೇಲೆ ಹೋಗತೊಡಗಿದೆ. ಜಯಮ್ಮ ಫೋನು ಮಾಡಿದರೆ ಆಫೀಸಿನಲ್ಲಿ ಕೆಲಸ ಹೆಚ್ಚಿದೆ ಎಂದೆ. ಕೆರೆಯ ಗರಡಿ ಎರಡು ಸಲ ಹಳದಿಯಾಯಿತು. ಭಾಯಿ ಒಬ್ಬರೇ ಅದನ್ನು ಹಿಂಪಡೆದು, "ಉಸ್ತಾದಮ್ಮ ಇಲ್ದೆ ಆಗ್ತಿಲ್ಲ ಮೇಡಂ, ಕುಛ್ ಭೀ ಕರೋ, ಏನಾದ್ರೂ ಮಾಡಿ," ಎಂದು ಸಂದೇಶ ಕಳಿಸಿದರು. ಹಾಸಿಗೆಯಲ್ಲಿ ಕೂತು ಗೋಡೆ ನೋಡುವ ಹಳೆಯ ಸಂಜೆಗಳು ಮತ್ತೆ ಬಂದವು.

ಹೀಗೆ ತಪ್ಪಿಸಿಕೊಂಡು ಓಡಾಡಿದ ಒಂಬತ್ತನೆಯ ಸಂಜೆ ಅನ್ನ ಬಸಿಯುತ್ತಿದ್ದೆ. ಮೆಟ್ಟಿಲ ಮೇಲೆ ಟಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್. ಆಮೇಲೆ ದೀರ್ಘ ಉಸಿರು. ಓಡಿಹೋಗಿ ನೋಡಿದರೆ ಜಯಮ್ಮ, ನನ್ನ ಬಾಗಿಲಿಗೆ ನಾಲ್ಕು ಮೆಟ್ಟಿಲು ಕೆಳಗೆ. ಒಬ್ಬರೇ. ಹಿಡಿಯಲು ಹೋದರೆ ಕೋಲೆತ್ತಿ ತಡೆದರು. ಆ ನಾಲ್ಕನ್ನೂ ತಾವೇ ಹತ್ತಿ, ನನ್ನ ಹಾಸಿಗೆಯ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡರು.

"ನೀನು ಇಳಿದು ಬರ್ಲಿಲ್ಲ. ನಾನೇ ಹತ್ತಿ ಬಂದೆ. ರಮೇಶ ಏನಾದ್ರೂ ಅಂದ್ನಾ?"

ನಾನು ತಲೆ ತಗ್ಗಿಸಿದೆ.

"ಅವನು ಹೆದ್ರಿದಾನೆ. ನಾನೂ ಹೆದ್ರಿದೀನಿ ಕಣೇ, ಸುಳ್ಳ್ಯಾಕೆ. ಇಬ್ರೂ ಎದುರೂ ಬದುರೂ ಹೆದ್ರಿಕೊಂಡು ಕೂತ್ರೆ ಈ ಮಂಡಿ ಬಗ್ಗತ್ತಾ?" ಎಂದು ಮಂಡಿಯ ಮೇಲೆ ಮೆಲ್ಲಗೆ ತಟ್ಟಿದರು. "ಅಲ್ಲಿಗೆ ಬಂದ್ರೆ ಕಾಲಿನ ನೆನಪೇ ಇರಲ್ಲ ನಂಗೆ. ಗುಬ್ಬಿ ಏನ್ಮಾಡ್ತು, ಹುಳ ಎಲ್ಲೋಯ್ತು, ಇದೇ. ಅನ್ನ ಆಯ್ತಾ? ಸಾರೇನು?"

ಗದಗದ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದೆ. ನನ್ನ ತಟ್ಟೆಯಲ್ಲೇ ಉಂಡು, ಖಾರಕ್ಕೆ ಮೂಗು ಒರೆಸಿಕೊಳ್ಳುತ್ತ, ಬರುವ ಭಾನುವಾರಕ್ಕೆ ಲೆಕ್ಕ ಹಾಕಿದರು. ಈ ಸಲ ಹತ್ತನೆಯ ಅಂತಸ್ತು. ಪೂರ್ತಿ ಕೆರೆಯವರೆಗೆ ನಡೆದು ಹೋಗುವುದು. ರಮೇಶ್ ಅಂದು ಕಮ್ಮನಹಳ್ಳಿಗೆ ಯಾರದೋ ನಿಶ್ಚಿತಾರ್ಥಕ್ಕೆ ಹೋಗುವವರಿದ್ದರು.

ನಡುವೆ ಆಯುಧ ಪೂಜೆ ಬಂತು. ಗಲ್ಲಿಯ ತುಂಬ ಬಾಳೆಕಂದು ಕಟ್ಟಿದ ಸ್ಕೂಟರುಗಳು, ಒಡೆದ ಕುಂಬಳಕಾಯಿ. ಜಯಮ್ಮ ಈಳಿಗೆಮಣೆ, ಮಿಕ್ಸಿಗಳ ಸಾಲಿನಲ್ಲಿ ತಮ್ಮ ಫೋನನ್ನೂ ನನ್ನದನ್ನೂ ಇಟ್ಟು ಕುಂಕುಮ ಹಚ್ಚಿದರು. ನನ್ನ ಫೋನಿನ ಸ್ಪೀಕರಿನ ತೂತಿನೊಳಗೆ ಹೋದ ಕುಂಕುಮ ಕೊನೆಯವರೆಗೂ ಹೊರಬರಲಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೆ ಹೊರಟೆವು. ಮಳೆ ನಿಂತು ಬಿಸಿಲು ಬಿದ್ದಿತ್ತು. ತಿರುವು, ಬೇಕರಿ, ಅದರಾಚೆಯ ದೊಡ್ಡ ರಸ್ತೆ. ರಸ್ತೆ ದಾಟುವಾಗ ನಾನು ಕೈಯೆತ್ತಿ ಬಸ್ಸೊಂದನ್ನು ನಿಲ್ಲಿಸಿದೆ. ಜಯಮ್ಮ ಅವಸರ ಮಾಡದೆ, ಬಸ್ಸಿನ ಡ್ರೈವರಿಗೆ ಒಂದು ನಗು ಕೊಟ್ಟು ದಾಟಿದರು. ನಾಲ್ಕು ಕಡೆ ನಿಂತು ಸುಧಾರಿಸಿಕೊಂಡರು. ದೋಣಿಕಟ್ಟೆಯ ಗೇಟು ಕಂಡಾಗ ಇಮ್ತಿಯಾಜ್ ಭಾಯಿ ಮಡಚುವ ಕುರ್ಚಿ ತಂದು ಹಾಕಿ, ಅದರ ಬೆನ್ನಿಗೆ ಒಂದು ಮೊಳ ಸೇವಂತಿಗೆ ಕಟ್ಟಿ ಕಾಯುತ್ತಿದ್ದರು. ಅಲ್ಲಿಯವರೆಗೆ ಇಬ್ಬರೂ ಧ್ವನಿ ಕೇಳಿದ್ದರಷ್ಟೆ.

"ಸಲಾಂ ಉಸ್ತಾದಮ್ಮ."

"ನೀನೇನಾ ಇಮ್ತಿಯಾಜು? ಫೋನಲ್ಲಿ ಸಣ್ಣ ಹುಡುಗನ ಥರ ಕೇಳ್ತೀಯ," ಎಂದು ಜಯಮ್ಮ ಕುರ್ಚಿಯಲ್ಲಿ ಕೂತರು. ಕೆರೆಯನ್ನು ಒಂದು ಸುತ್ತು ನೋಡಿದರು. "ನೀರು ಚೆನ್ನಾಗಿ ಬಂದಿದೆ." ಅಷ್ಟೇ ಹೇಳಿ ಕನ್ನಡಕ ಹಾಕಿಕೊಂಡರು.

ಗರಡಿ ಏಳನೆಯ ಅಂತಸ್ತಿನಲ್ಲಿತ್ತು. ಶುರು ಮಾಡಿದೆವು. ನರಿಗೆ ಮೀನು, ಆಮೆಗೆ ಮೊಗ್ಗಿನದು, ಹದ್ದಿಗೆ ಬಂಡೆಮರಿ. ಸೋತವಕ್ಕೆ ಔಷಧಿ, ಮತ್ತೆ ಸಾಲು. ಒಂದೇ ಕಾವಲಿನವನಿಗೆ ಒಮ್ಮೆ ಗುಬ್ಬಿ, ಮುಂದಿನ ಸುತ್ತಿಗೆ ಹುಳ. ಏಕೆಂದು ಕೇಳಿದರೆ, "ಅದು ಈಗ್ತಾನೆ ಎದ್ದಿದೆ, ಸುಸ್ತಾಗಿದೆ" ಎನ್ನುತ್ತಿದ್ದರು. ಔಷಧಿ ಹಾಕಿದ ಪ್ರಾಣಿಗೆ ಸುಸ್ತು ಎಂಬುದು ಆಟದಲ್ಲೇ ಇಲ್ಲ. ನಾನು ತಿದ್ದಲು ಹೋಗಲಿಲ್ಲ. ಎಂಟನೆಯ ಅಂತಸ್ತು ಎದ್ದಿತು. ಐದು ಗಂಟೆಯ ಹೊತ್ತಿಗೆ ಒಂಬತ್ತನೆಯದೂ ಎದ್ದಿತು. ಜೋಳ ಸುಡುತ್ತಿದ್ದವನು ಗಿರಾಕಿಗಳನ್ನು ಬಿಟ್ಟು ಬಂದು ನಮ್ಮ ಹಿಂದೆ ನಿಂತಿದ್ದ.

ಆಗಲೇ ಒಂದು ಸ್ಕೂಟರ್ ಬಂದು ನಿಂತಿತು. ಮೂವತ್ತರ ಆಸುಪಾಸಿನವನು, ಹೆಲ್ಮೆಟ್ಟು ತೆಗೆಯದೆ ಫೋನು ತೆಗೆದ. ಭಾಯಿಯ ಕಣ್ಣು ಆ ಪರದೆಯ ಮೇಲೆ ಬಿತ್ತು. ಹಳದಿ.

"ಮಂಡಿರಾಜ!" ಎಂದು ಭಾಯಿ ಕಿರುಚಿದರು. "ಯಾವ ಮಂಡಿ ನಿಂದು? ಈರುಳ್ಳಿನಾ?"

ಅವನು ಬೆಚ್ಚಿ ಹೆಲ್ಮೆಟ್ಟು ತೆಗೆದ. ಜಯಮ್ಮ ತಿರುಗಿ ನೋಡಿದರು.

"ಪ್ರದೀಪಾ?"

"ಜಯಮ್ಮೋರೇ!" ಅವನ ಬಾಯಿ ತೆರೆದೇ ಇತ್ತು. "ನೀವು... ಇಲ್ಲಿಗೆ ಹೆಂಗೆ ಬಂದ್ರಿ? ಆಟೋದಲ್ಲಾ?"

"ನಡ್ಕೊಂಡ್ ಬಂದೆ."

"ಮನೆಯಿಂದ?"

"ಮತ್ತಿನ್ನೆಲ್ಲಿಂದ?"

ಫಿಸಿಯೋಥೆರಪಿಯ ಪ್ರದೀಪ! ತರಕಾರಿ ಮಂಡಿಯಲ್ಲ, ಕಾಲಿನ ಮಂಡಿ. ಅವನು ಸ್ಕೂಟರನ್ನು ಸ್ಟ್ಯಾಂಡಿಗೂ ಹಾಕದೆ ಗೇಟಿಗೆ ಒರಗಿಸಿ ಬಂದು, ಒದ್ದೆ ನೆಲದ ಮೇಲೆಯೇ ಕೂತು, ಜಯಮ್ಮನ ಹಿಮ್ಮಡಿ ಹಿಡಿದು ಮೆಲ್ಲಗೆ ಹಿಂದಕ್ಕೆ ಒತ್ತಿದ. ಮಂಡಿ ಬಗ್ಗಿತು. ಇನ್ನೊಂದಿಷ್ಟು ಒತ್ತಿದ. ಇನ್ನೂ ಬಗ್ಗಿತು. ತಲೆಯೆತ್ತಿ ಅವರ ಮುಖ ನೋಡಿದ. "ನಾನು ಮೂರು ತಿಂಗಳಿಂದ ಬೇಡ್ಕೋತಿದೀನಿ ನಿಮ್ಮನ್ನ," ಎಂದ.

"ನೀನು ಮೂರು ತಿಂಗಳಿಂದ ನಮ್ಮ ಗರಡಿ ಕೆಡವ್ತಿದೀಯ," ಎಂದರು ಜಯಮ್ಮ. "ಕಾಲು ಬಿಡು. ಇನ್ನೊಂದೇ ಅಂತಸ್ತು ಇದೆ. ಅಲ್ಲಿವರೆಗೆ ಮುಟ್ಟಬೇಡ."

"ಇವತ್ತು ಮುಟ್ಟಲ್ಲ. ಆದ್ರೆ ವಾಪಸ್ಸೂ ನಡ್ಕೊಂಡೇ ಹೋಗ್ಬೇಕು ನೀವು."

"ಅರ್ಧ ನಡೀತೀನಿ. ಅರ್ಧ ಆಟೋ."

"ಮುಕ್ಕಾಲು."

"ಆಯ್ತು, ಮುಕ್ಕಾಲು."

ಕೊನೆಯ ಸುತ್ತು ಶುರುವಾಯಿತು. ಮೇಲಿನ ಕಾವಲಿನವನು ನಮ್ಮ ಇಮ್ತಿಯಾಜ್ ಭಾಯಿಯದೇ, ಗುಡ್ಡದಂಥ ಪ್ರಾಣಿ, ಅರ್ಧ ಕಣ್ಣು ಮುಚ್ಚಿದ್ದು. ನಾವು ದೊಡ್ಡಪ್ಪ ಎನ್ನುತ್ತಿದ್ದೆವು. ಜಯಮ್ಮನ ಐದು ಮರಿಗಳು ಕೆಳಗಿನವರನ್ನು ದಾಟುವಷ್ಟರಲ್ಲಿ ಮುಗಿದವು. ಉಳಿದಿದ್ದು ಇಲಿ. ಮುಂದಿನ ಸುತ್ತಿಗೆ ಬಂಡೆಮರಿಯನ್ನು ಎಬ್ಬಿಸಿ ಕಳಿಸೋಣ ಎಂದು ನಾನು, ಬೇಡವೇ ಬೇಡ, ನಾಳೆ ನೋಡೋಣ ಎಂದು ಭಾಯಿ.

"ದೊಡ್ಡಪ್ಪ ನಿಧಾನ," ಎಂದರು ಜಯಮ್ಮ. "ಒಂದು ಏಟು ಹಾಕಿ ಮೂರು ಉಸಿರು ತಗೋತಾನೆ. ಅಷ್ಟರೊಳಗೆ ಸರ್ಕೊಳ್ಳೋಕೆ ಇಲಿಗೆ ಆಗತ್ತೆ. ಬಂಡೆಗೆ ಆಗಲ್ಲ."

ಹೋರಾಟ ಅರ್ಧಕ್ಕೆ ಬಂದಿರುವಾಗ ಬೈಕೊಂದು ಕಿರ್ರನೆ ನಿಂತಿತು. ರಮೇಶ್. ನಿಶ್ಚಿತಾರ್ಥದ ರೇಷ್ಮೆ ಪಂಚೆ, ಹಣೆಯಲ್ಲಿ ಕುಂಕುಮ. ಮನೆಗೆ ಬಂದು ಖಾಲಿ ಕುರ್ಚಿ ನೋಡಿ, ಟೈಲರನ್ನು ಕೇಳಿ ಬಂದಿದ್ದರು. ಮುಖ ಬಿಳಿಚಿತ್ತು. ನೇರ ನನ್ನ ಕಡೆ ಬಂದವರು, ಅಮ್ಮ ಮಡಚುವ ಕುರ್ಚಿಯಲ್ಲಿ ಕೂತಿಲ್ಲ ಎಂಬುದನ್ನು ಆಗ ನೋಡಿದರು. ಉದ್ವೇಗದಲ್ಲಿ ಜಯಮ್ಮ ಎದ್ದು ನಿಂತಿದ್ದರು. ಕೋಲು ಕುರ್ಚಿಗೆ ಒರಗಿತ್ತು. ಎರಡೂ ಕಾಲಿನ ಮೇಲೆ, ಏನನ್ನೂ ಹಿಡಿಯದೆ, ಫೋನಿನೊಳಗೆ ಮುಖ ಹುದುಗಿಸಿ ನಿಂತಿದ್ದರು.

"ಅಮ್ಮಾ..." ಎಂದರು ರಮೇಶ್. ಸಿಟ್ಟು ಎಲ್ಲೋ ದಾರಿತಪ್ಪಿತ್ತು.

"ಬಂದ್ಯಾ? ಹಿಡ್ಕೋ ಇದನ್ನ, ನನ್ನ ಬೆರಳು ಸೋತೋಯ್ತು. ಅವನು ಕೈ ಎತ್ತಿದಾಗ ಪಕ್ಕಕ್ಕೆ ಎಳಿ, ಇಳಿಸಿದಾಗ ಒತ್ತು. ಎಳಿ... ಎಳಿ ಅಂದೆನಲ್ಲೋ!"

ರಮೇಶ್ ಎಳೆದರು. ಒತ್ತಿದರು. ಪಂಚೆ ಮೇಲೆ ಕಟ್ಟಿಕೊಂಡು ಇನ್ನೂ ಜೋರಾಗಿ ಒತ್ತಿದರು. ಹಳದಿಯವನಾದ ಪ್ರದೀಪನೇ, "ಈಗ ಎಳೀರಿ ಸರ್, ಈಗ!" ಎಂದು ಕೂಗುತ್ತಿದ್ದ. ಇಲಿಯ ಪ್ರಾಣ ಕೂದಲೆಳೆಯಷ್ಟು ಉಳಿದಿರುವಾಗ ದೊಡ್ಡಪ್ಪ ಹಿಂದಕ್ಕೆ ಮಗುಚಿಕೊಂಡ. ಪರದೆಯ ಮೇಲೆ ನಮ್ಮ ಕೆಂಪು ಗೋಪುರ ಇನ್ನೊಂದು ಅಂತಸ್ತು ಎದ್ದು ನಿಂತಿತು. ನಾವು ಕೂಗಿದ ಕೂಗಿಗೆ ಕೆರೆಯ ನೀರುಕಾಗೆಗಳೆಲ್ಲ ಒಮ್ಮೆಲೇ ಹಾರಿದವು. ಜೋಳದವನು ಎಲ್ಲರಿಗೂ ಒಂದೊಂದು ತೆನೆ ಕೊಟ್ಟ.

ಹತ್ತನೆಯ ಕಾವಲಿನ ಜಾಗ ಜಯಮ್ಮನದೇ ಎಂದು ಯಾರೂ ಚರ್ಚಿಸಲಿಲ್ಲ. ಅವರು ಇಲಿಯನ್ನೇ ಆರಿಸಿದರು.

"ಇಲಿನಾ? ನಾಳೆ ಬೆಳಗ್ಗೆ ಒಂದೇ ಏಟಿಗೆ ಬೀಳತ್ತೆ ಅದು," ಎಂದ ಪ್ರದೀಪ.

"ಬೀಳ್ಲಿ. ಇವತ್ತು ನಿಂತ್ಕೊಳ್ಳಲಿ."

ಹಿಂದಿರುಗುವಾಗ ಮುಕ್ಕಾಲು ದಾರಿಯಲ್ಲಿ ರಮೇಶ್ ಆಟೋ ಹುಡುಕಿದರು. ಜಯಮ್ಮ ಬೇ‌ಡವೆಂದು ಕೈಯಾಡಿಸಿದರು. ಬೈಕನ್ನು ತಳ್ಳುತ್ತ ಅಮ್ಮನ ಪಕ್ಕದಲ್ಲೇ ನಡೆಯುತ್ತಿದ್ದ ರಮೇಶ್ ನನ್ನ ಕಡೆ ತಿರುಗಿ, "ಮನೆ ವಿಷಯ ಅಂದಿದ್ದೆನಲ್ಲ, ಮರೆತ್ಬಿಡು," ಎಂದರು. ಬೈಕನ್ನು ಇನ್ನಷ್ಟು ದೂರ ತಳ್ಳಿ, "ನಂಗೂ ಹಾಕ್ಕೊಡ್ತೀಯಾ ಅದನ್ನ?" ಎಂದರು.

ಮರುದಿನ ಬೆಳಗ್ಗೆ ಏಳಕ್ಕೆಲ್ಲ ಪ್ರದೀಪ ಬಂದು ಗರಡಿಯನ್ನು ಬುಡಸಮೇತ ಕೆಡವಿದ. ಮಂಗಳವಾರ ಮನೆಗೆ ಬಂದಾಗ ಜಯಮ್ಮ ಅವನಿಗೆ ಕಾಫಿ ಕೊಡಲಿಲ್ಲ. ಆದರೆ ಹೇಳಿದ ವ್ಯಾಯಾಮವನ್ನೆಲ್ಲ ಬೈಯುತ್ತ ಬೈಯುತ್ತ ಪೂರ್ತಿ ಮಾಡಿದರು. ಚಳಿಗಾಲ, ಬೇಸಿಗೆ ಇಡೀ ಹೀಗೇ ನಡೆಯಿತು, ನಾವು ಕಟ್ಟುವುದು, ಅವನು ಕೆಡವುವುದು.

ಮುಂದಿನ ಮುಂಗಾರು ಹಿಡಿಯುವ ಹೊತ್ತಿಗೆ ಆಟದವರು ನಿಯಮ ಬದಲಿಸಿದರು. ಗರಡಿಗಳ ಅಂತಸ್ತು ಹೋಯಿತು, ತಾಲೀಮು ಎಂಬುದೇ ಇಲ್ಲವಾಯಿತು. ಕಾವಲಿನವರೆಲ್ಲ ಒಂದೇ ದಿನ ತಂತಮ್ಮ ಒಡೆಯರ ಬಳಿಗೆ ಹಿಂದಿರುಗಿದರು. ಇಮ್ತಿಯಾಜ್ ಭಾಯಿ ಅಳು ಬರುವಂಥ ಸಂದೇಶ ಕಳಿಸಿದರು. ಜಯಮ್ಮನಿಗೆ ಹೇಗೆ ಹೇಳುವುದೆಂದು ನಾನು ಎರಡು ದಿನ ಒದ್ದಾಡಿದೆ. ಹೇಳಿದಾಗ ಅವರು, "ಹೌದಾ? ಸರಿ," ಎಂದು ಅವರೆಕಾಳು ನೆನೆಹಾಕಲು ಎದ್ದುಹೋದರು. ನನಗೇ ಹೆಚ್ಚು ಬೇಜಾರಾಯಿತು.

ಅದಾದ ವಾರಕ್ಕೆ ಮಧ್ಯಾಹ್ನ ಕಾರ್ಖಾನೆಯಲ್ಲಿ ನನ್ನ ಮೇಜಿನ ಫೋನು ಬಡಿದುಕೊಂಡಿತು. ಗೇಟಿನ ಸೆಕ್ಯುರಿಟಿಯವನು. "ಮೇಡಂ, ನಿಮ್ಮನ್ನ ಕೇಳ್ಕೊಂಡು ಒಬ್ರು ಅಮ್ಮ ಬಂದಿದಾರೆ. ಹೆಸರು ಕೇಳಿದ್ರೆ, ಉಸ್ತಾದಮ್ಮ ಅಂತ ಹೇಳು ಅಂತಾರೆ."

ನಾನು ಓಡಿದೆ. ಗೇಟಿನ ಹೊರಗೆ, ಲಾರಿಗಳ ನಡುವೆ, ಕೈಚೀಲ ಹಿಡಿದು ಜಯಮ್ಮ ನಿಂತಿದ್ದರು. ಕೋಲು ಇರಲಿಲ್ಲ. ದೊಡ್ಡನೆಕ್ಕುಂದಿಯಲ್ಲಿ ಅವರ ತಂಗಿಯ ಮನೆಯಿದೆಯಂತೆ. ಎರಡು ವರ್ಷದಿಂದ ನೋಡಿರಲಿಲ್ಲವಂತೆ. ಬೆಳಗ್ಗೆ ಹೊರಟು ಎರಡು ಬಸ್ಸು ಬದಲಿಸಿ ಬಂದು, ತಂಗಿಯನ್ನು ಮಾತಾಡಿಸಿ, ಹಿಂದಿರುಗುವ ದಾರಿಯಲ್ಲಿ ನನ್ನ ಕಾರ್ಖಾನೆ ಹುಡುಕಿಕೊಂಡು ಬಂದಿದ್ದರು.

"ಒಬ್ರೇ ಬಂದ್ರೇನ್ರೀ? ರಮೇಶಣ್ಣಗ ಗೊತ್ತೈತೇನ್ರೀ?"

"ಹೋದ್ಮೇಲೆ ಹೇಳ್ತೀನಿ. ತಗೋ, ಹಲಸಿನ ತೊಳೆ. ತಂಗಿ ಮನೆ ಮರದ್ದು." ಸ್ಟೀಲ್ ಡಬ್ಬಿ ನನ್ನ ಕೈಗೆ ಕೊಟ್ಟು, ಕಾರ್ಖಾನೆಯ ಹೊಗೆಕೊಳವೆಯಿಂದ ಗೇಟಿನವರೆಗೆ ಕಣ್ಣಾಡಿಸಿದರು. "ಇಲ್ಲೇನಾ ನೀನು ದಿನಾ ಕೂತ್ಕೊಳ್ಳೋದು? ಪರವಾಗಿಲ್ಲ, ಗಾಳಿ ಇದೆ."

ಬಸ್ ಸ್ಟಾಪಿನವರೆಗೆ ಜೊತೆಗೆ ಹೋದೆ. ಬಸ್ಸು ಬಂತು. ಅದರ ಮೊದಲ ಮೆಟ್ಟಿಲು ನೆಲದಿಂದ ಮೊಳಕ್ಕಿಂತ ಎತ್ತರ. ನಾನು ಕೈ ಚಾಚಿದೆ. ಜಯಮ್ಮ ಅದನ್ನು ನೋಡಲೇ ಇಲ್ಲ. ಕಂಬಿ ಹಿಡಿದರು, ಬಲಗಾಲು ಎತ್ತಿ ಇಟ್ಟರು, ಮಂಡಿ ಬಗ್ಗಿತು, ಎದ್ದರು.

"ನಿಧಾನ ಅಜ್ಜಿ, ಹುಷಾರಾಗಿ ಹತ್ತಿ," ಎಂದ ಕಂಡಕ್ಟರ್.

"ನಾನು ಹತ್ತಾಯ್ತು ಕಣಪ್ಪಾ," ಎಂದರು ಒಳಗಿನಿಂದ. "ನೀನು ವಿಷಲ್ ಹೊಡಿ."